ಎಂಟು ಅಚ್ಚುಮೊಳೆಗಳಲ್ಲಿ ಕನ್ನಡ

ಹಸುರು ಬೆಳಕಿನ ಹಿನ್ನೆಲೆಯಲ್ಲಿ ಎರಡು ಸಾಲು ಕಪ್ಪು ಅಕ್ಷರಗಳನ್ನು ತೋರಿಸುವ ಪುಟ್ಟ ಫಲಕವೊಂದನ್ನು ನಮ್ಮ ಓದುಗರಲ್ಲಿ ಹೆಚ್ಚಿನವರು ಕಂಡೇ ಇರುತ್ತಾರೆ. ಪ್ರಯೋಗಾಲಯದ ಮಾಪಕಗಳಲ್ಲಿ, ಬಗೆಬಗೆಯ ವಿದ್ಯುದುಪಕರಣಗಳಲ್ಲಿ, ಶಾಲಾ ಕಾಲೇಜುಗಳ ವಿಜ್ಞಾನ ಪ್ರದರ್ಶನಗಳಲ್ಲಿ ಅದು ಉಂಟು. ಅದನ್ನು ಎಲ್.ಸಿ.ಡಿ. ಅಕ್ಷರಫಲಕವೆಂದು ಕರೆಯುವರು. ಅದಕ್ಕೆ ಆಜ್ಞೆ ಕೊಡುವುದು ಮೈಕ್ರೊಕಂಟ್ರೋಲರ್. ಎಂದರೆ ಲೆಕ್ಕ ಮಾಡುವ ಭಾಗ, ನೆನಪಿನ ಭಾಗ, ಹೊರಗಿನ ತಂತಿಗಳೊಡನೆ ವ್ಯವಹರಿಸುವ ಭಾಗ, ಮೂರೂ ಒಂದೇ ಚಿಪ್ಪಿನೊಳಗೆ ಅಡಗಿರುವ ಕಿರುಗಣಕ. ಈ ಎರಡನ್ನೂ ಜೋಡಿಸಿ ಫಲಕದ ಮೇಲೆ ‘ಹಲೋ ವರ್ಲ್ಡ್’ ಎಂದು ಬರೆಯಿಸುವುದು ಈಗ ವಿದ್ಯಾರ್ಥಿಗಳ ಮೊದಲನೆಯ ಪಾಠವಾಗಿದೆ. ಅನೇಕರಿಗೆ ಅದೇ ಕೊನೆಯ ಪಾಠವೂ ಆಗುತ್ತಿದೆ. ಈ ಲೇಖನ ಹುಟ್ಟಿದುದು ಆ ಚಿಂತೆಯಿಂದ.

ಕೆಲವು ವರ್ಷಗಳ ಹಿಂದೆ ಜೇವರ್ಗಿ ತಾಲ್ಲೂಕಿನ ಒಂದು ಊರಿನಲ್ಲಿ ನಡೆದ ವಿಜ್ಞಾನ ಪ್ರದರ್ಶನಕ್ಕೆ ನನ್ನ ವಿದ್ಯಾರ್ಥಿಗಳು ಮಣ್ಣಿನ ತೇವವನ್ನು ಅಳೆಯುವ ಸಾಧನವೊಂದನ್ನು ಕೊಂಡೊಯ್ದಿದ್ದರು. ಮಣ್ಣು ಒಣಗಿದಾಗ ‘ಸಾಯಿಲ್ ಡ್ರೈ’, ನೆನೆದಾಗ ‘ಸಾಯಿಲ್ ವೆಟ್’ ಎಂದು ಫಲಕವು ಇಂಗ್ಲಿಷಿನಲ್ಲಿ ತೋರಿಸುತ್ತಿದ್ದಿತು. ತೊಗರಿ ಬೆಳೆಯುವ ವೃದ್ಧರೊಬ್ಬರು ಬಹಳ ಹೊತ್ತು ಅದರ ಮುಂದೆ ನಿಂತು, “ತಮ್ಮಾ, ಇದ್ರಾಗ ಏನ್ ಬರ್ದದ?” ಎಂದು ಕೇಳಿದರು. ಹುಡುಗನು ಓದಿ ಹೇಳಿದನು. “ನನಗ ಕನ್ನಡ ಓದ್ಲಾಕ ಬರ್ತದ. ನೀ ಪರೀಕ್ಷಾ ಬರೀಲಾಕ ಹೋದ ದಿನ ಇದು ನನಗ ಯಾರ್ ಓದಿ ಹೇಳ್ತಾರ?” ಎಂದು ಅವರು ಮತ್ತೆ ಕೇಳಿದರು. ಹುಡುಗನ ಬಳಿ ಉತ್ತರವಿರಲಿಲ್ಲ. ಅವನಿಗೆ ಪಾಠ ಹೇಳಿದ ನನ್ನ ಬಳಿಯೂ ಇರಲಿಲ್ಲ.

ಈ ಫಲಕವು ಕನ್ನಡವನ್ನು ಏಕೆ ಬರೆಯಲಾರದು? ಅದನ್ನು ತಿಳಿಯಬೇಕಾದರೆ ಫಲಕದ ಒಳಗನ್ನು ನೋಡಬೇಕು. ಎರಡು ತೆಳುಗಾಜುಗಳ ನಡುವೆ ದ್ರವಸ್ಫಟಿಕವೆಂಬ ವಸ್ತುವಿದೆ. ಅದು ದ್ರವದಂತೆ ಹರಿಯುತ್ತದೆ. ಆದರೆ ಸ್ಫಟಿಕದಲ್ಲಿರುವಂತೆ ಅದರ ಅಣುಗಳಿಗೆ ಒಂದು ದಿಕ್ಕಿನ ಶಿಸ್ತೂ ಉಂಟು. ಇಂಥ ನಡತೆಯನ್ನು 1888ರಲ್ಲಿ ಮೊದಲು ಗಮನಿಸಿದವನು ಆಸ್ಟ್ರಿಯದ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಸರ್. ಫಲಕದೊಳಗೆ ಕಡ್ಡಿಯಾಕಾರದ ಅಣುಗಳು ಒಂದು ಗಾಜಿನಿಂದ ಇನ್ನೊಂದರ ಕಡೆಗೆ ಹಗ್ಗದ ಹುರಿಯಂತೆ ತಿರುಚಿಕೊಂಡು ನಿಂತಿರುತ್ತವೆ. ಧ್ರುವೀಕರಿಸಿದ ಬೆಳಕು ಆ ತಿರುಚನ್ನು ಅನುಸರಿಸಿ ಹೊರಬರುತ್ತದೆ. ಒಂದು ಚುಕ್ಕೆಗೆ ವಿದ್ಯುತ್ ಒತ್ತಡವನ್ನು ಕೊಟ್ಟರೆ ಅಲ್ಲಿಯ ಅಣುಗಳು ನೆಟ್ಟಗೆ ನಿಲ್ಲುವುವು, ತಿರುಚು ಬಿಚ್ಚುವುದು, ಬೆಳಕು ತಡೆದು ಚುಕ್ಕೆ ಕಪ್ಪಾಗುವುದು. ಅಕ್ಷರವೆಂದರೆ ಇಂಥ ಕಪ್ಪು ಚುಕ್ಕೆಗಳ ಗುಂಪು.

ಈ ವಸ್ತುವಿನ ವಿಜ್ಞಾನ ನಮ್ಮ ನಾಡಿಗೆ ಹೊಸದಲ್ಲವೆಂಬುದನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ಎಸ್. ಚಂದ್ರಶೇಖರ್ ಅವರು 1961ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗಕ್ಕೆ ಬಂದು ದ್ರವಸ್ಫಟಿಕಗಳ ಸಂಶೋಧನೆಯನ್ನು ಬೆಳೆಸಿದರು. 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಗೆ ಹೋದರು. 1977ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಕಡ್ಡಿಯಂತಲ್ಲದೆ ಬಿಲ್ಲೆಯಂತಿರುವ ಅಣುಗಳಿಂದಲೂ ದ್ರವಸ್ಫಟಿಕವಾಗಬಲ್ಲುದೆಂದು ತೋರಿಸಿಕೊಟ್ಟರು. ಬಿಲ್ಲೆಯಾಕಾರದ ಅಣುಗಳ ಪೊರೆಗಳು ಮುಂದೆ ಪರದೆಗಳನ್ನು ಓರೆಯಿಂದ ನೋಡಿದರೂ ಸ್ಪಷ್ಟವಾಗಿ ಕಾಣುವಂತೆ ಮಾಡಲು ಬಳಕೆಗೆ ಬಂದುವು. ಫಲಕದ ಒಳಗಿನ ದ್ರವ್ಯದ ವಿಚಾರದಲ್ಲಿ ಕರ್ನಾಟಕವು ಲೋಕಕ್ಕೆ ಹೊಸದನ್ನು ಕೊಟ್ಟಿದೆ. ಫಲಕದ ಮೇಲಿನ ಅಕ್ಷರದ ವಿಚಾರದಲ್ಲಿ ಮಾತ್ರ ನಾವು ಕೊಟ್ಟುದನ್ನು ತೆಗೆದುಕೊಂಡು ಸುಮ್ಮನಿದ್ದೇವೆ.

ಸಾಮಾನ್ಯವಾದ ಫಲಕದಲ್ಲಿ ಸಾಲಿಗೆ ಹದಿನಾರರಂತೆ ಎರಡು ಸಾಲು, ಒಟ್ಟು 32 ಮನೆಗಳಿವೆ. ಪ್ರತಿಯೊಂದು ಮನೆಯಲ್ಲಿ ಅಡ್ಡಲಾಗಿ 5, ಉದ್ದಕ್ಕೆ 8, ಹೀಗೆ 40 ಚುಕ್ಕೆಗಳು. ಎಲ್ಲ ಸೇರಿ 1280 ಚುಕ್ಕೆಗಳಾಗುತ್ತವೆ. ಇಷ್ಟನ್ನೂ ಬೇರೆಬೇರೆ ತಂತಿಗಳಿಂದ ಕಿರುಗಣಕಕ್ಕೆ ಸೇರಿಸುವುದು ಸಾಧ್ಯವಲ್ಲವಾದುದರಿಂದ ಫಲಕದ ಬೆನ್ನಿನ ಮೇಲೆಯೇ ಒಂದು ನಿಯಂತ್ರಕ ಚಿಪ್ಪನ್ನು ಕೂರಿಸಿರುತ್ತಾರೆ. ಜಪಾನಿನ ಹಿಟಾಚಿ ಸಂಸ್ಥೆಯ ಎಚ್‌ಡಿ 44780 ಎಂಬ ಚಿಪ್ಪು ಈ ಜಾತಿಗೆಲ್ಲ ಮೂಲಪುರುಷ. ಇಂದು ಬೇರೆ ಸಂಸ್ಥೆಗಳು ಮಾಡುವ ಚಿಪ್ಪುಗಳೂ ಅದರ ಆಜ್ಞೆಗಳನ್ನೇ ಪಾಲಿಸುತ್ತವೆ.

ಕಿರುಗಣಕವು ಈ ನಿಯಂತ್ರಕದೊಡನೆ ಮಾತನಾಡುವ ಬಗೆ ಸರಳವಾದುದು. ‘ಆರ್‌ಎಸ್’ ಎಂಬ ತಂತಿ ಸೊನ್ನೆಯಾಗಿದ್ದರೆ ಬರುವ ಸಂಖ್ಯೆ ಆಜ್ಞೆಯೆಂದೂ, ಒಂದಾಗಿದ್ದರೆ ಅಕ್ಷರವೆಂದೂ ನಿಯಂತ್ರಕವು ತಿಳಿಯುತ್ತದೆ. ‘ಇ’ ಎಂಬ ತಂತಿಯನ್ನು ಮೇಲೆತ್ತಿ ಕೆಳಗಿಳಿಸಿದ ಕ್ಷಣದಲ್ಲಿ ಅದು ಆ ಸಂಖ್ಯೆಯನ್ನು ಒಳಗೆ ತೆಗೆದುಕೊಳ್ಳುತ್ತದೆ. ಎಂಟು ಬಿಟ್‌ಗಳ ಸಂಖ್ಯೆಯನ್ನು ಎರಡು ಅರೆಗಳಾಗಿ ಕಳುಹಿಸಿದರೆ ನಾಲ್ಕೇ ದತ್ತತಂತಿಗಳು ಸಾಕು. ಒಟ್ಟು ಆರು ತಂತಿಗಳಲ್ಲಿ ಕೆಲಸ ಮುಗಿಯುತ್ತದೆ. ಆದರೆ ನಿಯಂತ್ರಕಕ್ಕೆ ಬಿಡುವು ಕೊಡಬೇಕು. ಸಾಧಾರಣ ಆಜ್ಞೆಗೆ ಅದು ಸುಮಾರು 37 ಮೈಕ್ರೊಸೆಕೆಂಡುಗಳನ್ನೂ, ಫಲಕವನ್ನೆಲ್ಲ ಅಳಿಸುವ ಆಜ್ಞೆಗೆ ಸುಮಾರು ಒಂದೂವರೆ ಮಿಲಿಸೆಕೆಂಡನ್ನೂ ತೆಗೆದುಕೊಳ್ಳುತ್ತದೆ. ಸೆಕೆಂಡಿಗೆ ಒಂದು ಕೋಟಿ ಅರುವತ್ತು ಲಕ್ಷ ಸಲ ಮಿಡಿಯುವ ಗಡಿಯಾರವುಳ್ಳ ಕಿರುಗಣಕಕ್ಕೆ ಇದು ದೀರ್ಘಕಾಲ. ವಿದ್ಯುತ್ತು ಬಂದ ಕೂಡಲೆ ಕಾಯದೆ ಆಜ್ಞೆ ಕೊಟ್ಟರೆ ಫಲಕದಲ್ಲಿ ಅಕ್ಷರಗಳು ಬಾರದೆ ಮೊದಲನೆಯ ಸಾಲಿನ ತುಂಬ ಕಪ್ಪು ಚೌಕಗಳು ನಿಲ್ಲುತ್ತವೆ. ‘ಫಲಕ ಕೆಟ್ಟಿದೆ ಸಾರ್’ ಎಂದು ವಿದ್ಯಾರ್ಥಿಗಳು ನನ್ನ ಬಳಿಗೆ ತಂದ ಫಲಕಗಳಲ್ಲಿ ಬಹುಪಾಲು ಕೆಟ್ಟಿರಲಿಲ್ಲ, ಅವು ಕಾಯುತ್ತಿದ್ದುವು.

ಈಗ ಅಕ್ಷರದ ಮಾತು. ಮುದ್ರಣಾಲಯದಲ್ಲಿ ಅಚ್ಚುಮೊಳೆಗಳ ಪೆಟ್ಟಿಗೆ ಇರುತ್ತಿದ್ದಂತೆ ನಿಯಂತ್ರಕದೊಳಗೆ ಅಕ್ಷರರೂಪಗಳ ಶಾಶ್ವತ ಸಂಗ್ರಹವೊಂದುಂಟು. 65 ಎಂಬ ಸಂಖ್ಯೆ ಬಂದರೆ ಇಂಗ್ಲಿಷಿನ ‘ಎ’ ಎಂಬ ಮೊಳೆಯನ್ನು ಅದು ತೆಗೆದು ಮನೆಯಲ್ಲಿಡುತ್ತದೆ. ನಮ್ಮಲ್ಲಿ ಬಹಳವಾಗಿ ದೊರೆಯುವ ಫಲಕಗಳ ಪೆಟ್ಟಿಗೆಯಲ್ಲಿ ರೋಮನ್ ಲಿಪಿಯಿದೆ, ಕೆಲವು ಗ್ರೀಕ್ ಅಕ್ಷರಗಳಿವೆ, ಜಪಾನೀಯರ ಕಟಕಾನ ಲಿಪಿಯೂ ಇದೆ. ಜಪಾನಿನ ನಾಣ್ಯವಾದ ಯೆನ್ನಿನ ಚಿಹ್ನೆಯಿದೆ; 2010ರಲ್ಲಿ ನಾವು ಸ್ವೀಕರಿಸಿದ ರೂಪಾಯಿಯ ಚಿಹ್ನೆಯಿಲ್ಲ. ಕನ್ನಡದ ಒಂದು ಅಕ್ಷರವೂ ಇಲ್ಲ. ಇದರಲ್ಲಿ ಯಾರ ದ್ವೇಷವೂ ಇಲ್ಲ. ಮಾಡಿದವನು ತನ್ನ ಮನೆಯವರಿಗೆ ಬೇಕಾದುದನ್ನು ಮೊದಲು ಇಟ್ಟುಕೊಂಡನು, ಅಷ್ಟೆ. ರಷ್ಯನ್ನರ ಲಿಪಿಯುಳ್ಳ ನಿಯಂತ್ರಕಗಳು ಮಾರುಕಟ್ಟೆಯಲ್ಲಿವೆ. ತೈವಾನಿನಲ್ಲಿ ವಿನ್ಯಾಸಗೊಂಡ ಎಸ್‌ಟಿ 7920 ಎಂಬ ಚಿತ್ರಫಲಕ ನಿಯಂತ್ರಕದಲ್ಲಿ ಚೀನೀ ಲಿಪಿಯ 8192 ಅಕ್ಷರರೂಪಗಳಿವೆ. ಎಂಟು ಸಾವಿರ ರೂಪಗಳ ಲಿಪಿಗೆ ಜಾಗ ದೊರೆಯಿತೆಂದಮೇಲೆ ಕನ್ನಡದ ಲಿಪಿ ಕಷ್ಟವಾದುದು, ಆದುದರಿಂದ ಯಂತ್ರಕ್ಕೆ ಒಗ್ಗದು, ಎಂಬ ಮಾತಿನಲ್ಲಿ ಹುರುಳಿಲ್ಲ.

ಪ್ರೋಗ್ರಾಮಿನಲ್ಲಿಯೇ ಕನ್ನಡವನ್ನು ಟೈಪು ಮಾಡಿದರಾಗದೇ, ಎಂದು ಯಾರಾದರೂ ಕೇಳಬಹುದು. 1991ರಲ್ಲಿ ಹೊರಬಂದ ಯೂನಿಕೋಡಿನಲ್ಲಿ ಮೊದಲಿನಿಂದಲೂ ಕನ್ನಡಕ್ಕೆ ಸ್ಥಾನವಿದೆ. ನಮ್ಮ ಕೈಯೊಳಗಿನ ಫೋನುಗಳು ಕನ್ನಡವನ್ನು ತೋರಿಸುವುದು ಅದರಿಂದಲೇ. ಆದರೆ ಅದರಲ್ಲಿ ‘ಕ’ ಎಂಬ ಅಕ್ಷರವು ಸಾಮಾನ್ಯವಾಗಿ ಮೂರು ಬೈಟ್‌ಗಳಾಗಿ ಸಾಗುತ್ತದೆ. ಈ ಫಲಕಕ್ಕೆ ಅದೊಂದು ಅಕ್ಷರವೆಂದು ತಿಳಿಯದು; ಮೂರು ಬೈಟ್‌ಗಳನ್ನು ಮೂರು ಅಕ್ಷರಗಳೆಂದು ಭಾವಿಸಿ ಒಂದು ಗ್ರೀಕ್ ಆಲ್ಫಾ, ಒಂದು ಜಪಾನೀ ‘ಇ’, ಒಂದು ಖಾಲಿ ಮನೆ, ಹೀಗೆ ತೋರಿಸುತ್ತದೆ. ತಮ್ಮ ಊರಿನ ಹೆಸರನ್ನು ಬರೆಯಲು ಹೋಗಿ ಇಂಥ ಕಲಸುಮೇಲೋಗರವನ್ನು ಕಂಡ ವಿದ್ಯಾರ್ಥಿಗಳು ಹಲವರು. ನಕ್ಕು ಅಳಿಸಿ ಮತ್ತೆ ಇಂಗ್ಲಿಷಿಗೆ ಹಿಂದಿರುಗಿದವರೂ ಅವರೇ.

ಹಿಂದಿರುಗಬೇಕಾಗಿಲ್ಲ. ನಿಯಂತ್ರಕವನ್ನು ರಚಿಸಿದವರು ಎಂಟು ಬರಿಯ ಮೊಳೆಗಳನ್ನು ನಮಗಾಗಿ ಬಿಟ್ಟಿದ್ದಾರೆ. ಅವುಗಳ ಮೇಲೆ ಬೇಕಾದ ಆಕಾರವನ್ನು ನಾವೇ ಕೊರೆಯಬಹುದು. ಒಂದು ಮೊಳೆಗೆ ಎಂಟು ಬೈಟ್‌ಗಳು. ಒಂದೊಂದು ಬೈಟ್ ಒಂದೊಂದು ಸಾಲಿಗೆ. ಸಾಲಿನ ಐದು ಚುಕ್ಕೆಗಳಿಗೆ ಎಡದಿಂದ 16, 8, 4, 2, 1 ಎಂದು ಬೆಲೆ ಕಟ್ಟಿ, ಕಪ್ಪಾಗಬೇಕಾದ ಚುಕ್ಕೆಗಳ ಬೆಲೆಗಳನ್ನು ಕೂಡಿಸಿದರೆ ಆ ಸಾಲಿನ ಸಂಖ್ಯೆ ದೊರೆಯುತ್ತದೆ. ಚೌಕುಳಿಯ ಕಾಗದದ ಮೇಲೆ ‘ರ’ ಎಂಬ ಅಕ್ಷರವನ್ನು ನಾನು ಬರೆದಾಗ ಬಂದ ಸಂಖ್ಯೆಗಳಿವು: 1, 30, 10, 17, 17, 17, 14, 0. ಮೊದಲೆರಡು ಸಾಲುಗಳು ತಲೆಕಟ್ಟು; ಉಳಿದುವು ಅದರ ಕೆಳಗಿನ ದುಂಡು. ಈಗ ಐದನೆಯ ಸಂಖ್ಯೆಯಾದ 17ನ್ನು 21 ಮಾಡಿರಿ. ದುಂಡಿನ ನಡುವೆ ಒಂದು ಚುಕ್ಕೆ ಮೂಡಿ ‘ರ’ ಎಂಬುದು ‘ಠ’ ಆಗುತ್ತದೆ! ದ್ವಿಮಾನ ಪದ್ಧತಿಯ ಪಾಠವನ್ನು ನಾನು ಹಲವು ವರ್ಷ ಕರಿಹಲಗೆಯ ಮೇಲೆ ಹೇಳಿದ್ದೇನೆ. ಈ ಒಂದು ಚುಕ್ಕೆ ಕಲಿಸಿದಷ್ಟು ಚೆನ್ನಾಗಿ ನಾನು ಎಂದೂ ಕಲಿಸಲಿಲ್ಲ.

ಎಂಟೇ ಮೊಳೆಗಳೆಂಬುದು ಮಾತ್ರ ನಿಜವಾದ ಕಟ್ಟು. ನಮ್ಮ ಮೂರು ತಾಲ್ಲೂಕುಗಳ ಹೆಸರುಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ‘ಆಳಂದ’ ಎಂಬುದಕ್ಕೆ ಆ, ಳ, ದ ಎಂಬ ಮೂರು ಮೊಳೆಗಳು ಸಾಕು. ಸೊನ್ನೆಗೆ ಪೆಟ್ಟಿಗೆಯಲ್ಲಿರುವ ಇಂಗ್ಲಿಷಿನ ಸಣ್ಣ ‘ಒ’ ಅಕ್ಷರವನ್ನೇ ಎರವಲು ತರಬಹುದು. ‘ಅಫಜಲಪುರ’ಕ್ಕೆ ಅ, ಫ, ಜ, ಲ, ಪು, ರ ಎಂಬ ಆರು ಬೇಕು. ‘ಜೇವರ್ಗಿ’ಗೆ ಜೆ, ದೀರ್ಘದ ಗುರುತು, ವ, ಗಿ, ಅರ್ಕಾವೊತ್ತು ಎಂಬ ಐದು. ಒಂದೊಂದು ಹೆಸರೂ ಒಂಟಿಯಾಗಿ ಸಲೀಸಾಗಿ ಬರುತ್ತದೆ. ಆಳಂದವೂ ಜೇವರ್ಗಿಯೂ ಒಟ್ಟಿಗೆ ಬಂದರೆ ಸರಿಯಾಗಿ ಎಂಟು. ಆಳಂದವೂ ಅಫಜಲಪುರವೂ ಒಟ್ಟಿಗೆ ಬಂದರೆ ಒಂಬತ್ತು. ಒಂದು ಮೊಳೆ ಕಡಿಮೆಯಾಯಿತು. ಅಫಜಲಪುರ ಜೇವರ್ಗಿಗಳಿಗೆ ಹನ್ನೊಂದು. ಒಂದು ಮೊಳೆಯ ರೂಪವನ್ನು ನಡುವೆ ಬದಲಾಯಿಸಿ ಮೋಸ ಮಾಡೋಣವೆಂದರೆ, ಮೊದಲು ಬರೆದ ಮನೆಯಲ್ಲಿಯೂ ಆ ರೂಪ ಒಡನೆಯೇ ಬದಲಾಗಿಬಿಡುತ್ತದೆ. ಕಾಗದದ ಮೇಲೆ ಒತ್ತಿದ ಮೊಳೆಗೂ ಇದಕ್ಕೂ ಇರುವ ಭೇದ ಇದೇ.

ಇಲ್ಲಿ ಮೂರು ಆಕ್ಷೇಪಣೆಗಳನ್ನು ನಾನು ಕೇಳಿದ್ದೇನೆ. ಯಂತ್ರದ ಭಾಷೆ ಇಂಗ್ಲಿಷೇ ಆಗಿರಲಿ, ಅದು ಎಲ್ಲರೂ ಕಲಿಯಬೇಕಾದ ಭಾಷೆ, ಎಂಬುದು ಮೊದಲನೆಯದು. ಇಂಗ್ಲಿಷನ್ನು ಕಲಿಯಬೇಡಿರೆಂದು ನಾನು ಹೇಳುವುದಿಲ್ಲ. ನಿಯಂತ್ರಕದ ಡೇಟಾಶೀಟನ್ನು ಓದಲು ಅದು ಬೇಕೇ ಬೇಕು. ವೋಲ್ಟು, ಆಂಪೇರುಗಳ ಅಂತರರಾಷ್ಟ್ರೀಯ ಚಿಹ್ನೆಗಳೂ ಇದ್ದಂತೆಯೇ ಇರಲಿ. ಆದರೆ ಸಾಧನವನ್ನು ಮಾಡುವವನ ಭಾಷೆ ಬೇರೆ, ಬಳಸುವವನ ಭಾಷೆ ಬೇರೆ. ಪಂಪಿನ ಮುಂದೆ ನಿಂತವನಿಗೆ ‘ಅಪಾಯ’ವೆಂದು ತಿಳಿಸಬೇಕಾದ ಫಲಕವು ಅವನಿಗೆ ಬಾರದ ಭಾಷೆಯಲ್ಲಿ ತಿಳಿಸಿದರೆ ಅದು ತಿಳಿಸಲೇ ಇಲ್ಲವೆಂದಾಯಿತು.

ಈ ಮಾತಿಗೆ ನಮ್ಮ ಭಾಗದಲ್ಲಿ ಒಂದು ವಿಶೇಷವಾದ ಅರ್ಥವಿದೆ. 1948ರ ಸೆಪ್ಟೆಂಬರಿನವರೆಗೆ ಈ ಮೂರು ತಾಲ್ಲೂಕುಗಳೂ ಹೈದರಾಬಾದು ಸಂಸ್ಥಾನದಲ್ಲಿದ್ದುವು. ಕಚೇರಿಯ ಭಾಷೆ ಉರ್ದುವಾಗಿದ್ದಿತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವಿಜ್ಞಾನವನ್ನೂ ಉರ್ದುವಿನಲ್ಲಿಯೇ ಕಲಿಸಿದರು. ದೇಶಭಾಷೆಯಲ್ಲಿ ಉಚ್ಚ ವಿಜ್ಞಾನವನ್ನು ಕಲಿಸಬಹುದೆಂದು ತೋರಿಸಿದ ಆ ಪ್ರಯತ್ನ ದೊಡ್ಡದು. ಉರ್ದು ನಮ್ಮ ನೆರೆಹೊರೆಯವರ ಸವಿನುಡಿಯೆಂಬುದೂ ನಿಜ. ಆದರೆ ಕನ್ನಡವನ್ನಷ್ಟೇ ಬಲ್ಲ ರೈತನು ತನ್ನ ಹೊಲದ ಕಾಗದವನ್ನು ಇನ್ನೊಬ್ಬರಿಂದ ಓದಿಸಿಕೊಳ್ಳಬೇಕಾಗಿದ್ದಿತು. ನಮ್ಮ ಅಜ್ಜಂದಿರು ಕಚೇರಿಯ ಬಾಗಿಲಲ್ಲಿ ಅನುಭವಿಸಿದುದನ್ನು ಅವರ ಮೊಮ್ಮಕ್ಕಳಾದ ನಾವೇ, ನಮ್ಮ ಕೈಯಿಂದಲೇ, ಯಂತ್ರದ ಮುಂದೆ ಮತ್ತೆ ಉಂಟುಮಾಡುವುದು ನ್ಯಾಯವೇ?

ಎರಡನೆಯ ಆಕ್ಷೇಪಣೆ ಹೆಚ್ಚು ಬಲವಾದುದು. ಐದು ಚುಕ್ಕೆಗಳ ಅಗಲದಲ್ಲಿ ಕನ್ನಡ ಅಂದವಾಗಿ ಬಾರದು. ಪ, ಫ, ಷಗಳ ಭೇದ ಅಳಿಸಿಹೋಗುವುದು. ಒತ್ತಕ್ಷರಕ್ಕೆ ಸ್ಥಳವೇ ಇಲ್ಲ. ಚಿತ್ರಫಲಕವನ್ನು ಕೊಳ್ಳುವುದೇ ಲೇಸು, ಎನ್ನುವರು. ಇದು ನಿಜ, ಒಪ್ಪಿದೆ. 128 ಚುಕ್ಕೆ ಅಗಲ, 64 ಚುಕ್ಕೆ ಎತ್ತರದ ಚಿತ್ರಫಲಕದಲ್ಲಿ ಅಕ್ಷರಕ್ಕೆ 16 ಚುಕ್ಕೆಗಳ ಚೌಕವನ್ನು ಕೊಟ್ಟರೆ ಸಾಲಿಗೆ ಎಂಟರಂತೆ ನಾಲ್ಕು ಸಾಲು ಕನ್ನಡವನ್ನು ಬರೆಯಬಹುದು. ಆದರೆ ಅಲ್ಲಿಯೂ ಒಂದು ಲೆಕ್ಕವುಂಟು. 34 ವ್ಯಂಜನಗಳಿಗೆ 13 ಸ್ವರಗಳನ್ನು ಸೇರಿಸಿದರೆ 442 ಗುಣಿತಾಕ್ಷರಗಳು. ಚೌಕಕ್ಕೆ 32 ಬೈಟ್‌ಗಳಂತೆ 14,144 ಬೈಟ್‌ಗಳಾಗುತ್ತವೆ. ಕಾಲೇಜುಗಳಲ್ಲಿ ಬಳಕೆಯಲ್ಲಿರುವ ಆರ್ಡುಯಿನೊ ಊನೊ ಹಲಗೆಯ ಪ್ರೋಗ್ರಾಮು ಸ್ಮೃತಿ 32 ಕಿಲೊಬೈಟ್. ಅದರಲ್ಲಿ ಇದು ಅರ್ಧಕ್ಕಿಂತ ಕಡಿಮೆ. ಎರಡು ವ್ಯಂಜನಗಳ ಒತ್ತಕ್ಷರಗಳನ್ನೆಲ್ಲ ಹೀಗೆಯೇ ಪಟ್ಟಿ ಮಾಡಹೊರಟರೆ ಮಾತ್ರ ಲೆಕ್ಕವು ಹದಿನೈದು ಸಾವಿರ ರೂಪಗಳನ್ನು ದಾಟುತ್ತದೆ. ಈ ಸಣ್ಣ ಚಿಪ್ಪು ಅದನ್ನು ಹೊರಲಾರದು. ಆಗ ಅಕ್ಷರವನ್ನು ಪಟ್ಟಿಯಿಂದ ತೆಗೆಯುವುದನ್ನು ಬಿಟ್ಟು ಮೂಲರೂಪ, ಸ್ವರಚಿಹ್ನೆ, ಒತ್ತು ಎಂದು ಬಿಡಿಸಿ ಜೋಡಿಸುವುದನ್ನು ಕಲಿಯಬೇಕಾಗುತ್ತದೆ. ಆ ಜೋಡಣೆಯ ಮೊದಲನೆಯ ಮೆಟ್ಟಿಲೇ ಈ ಎಂಟು ಮೊಳೆಗಳು. ಬಡತನದ ಅಡಿಗೆಮನೆಯಲ್ಲಿ ಮಿತವ್ಯಯ ಕಲಿತವಳು ಎಲ್ಲಿಯೂ ಮನೆ ನಡೆಸಬಲ್ಲಳು.

ಮೂರನೆಯದು ಸೋಮಾರಿತನದ ಆಕ್ಷೇಪಣೆ: ಸಿದ್ಧವಾದ ಲೈಬ್ರರಿ ಇರುವಾಗ ಇಷ್ಟು ಶ್ರಮವೇಕೆ? ಲೈಬ್ರರಿಯನ್ನು ಬಳಸುವುದು ತಪ್ಪಲ್ಲ. ಆದರೆ ಸಿದ್ಧ ಲೈಬ್ರರಿ ಅದನ್ನು ಬರೆದವನು ಎಣಿಸಿದ ಕೆಲಸಗಳನ್ನು ಮಾಡಿಕೊಡುತ್ತದೆ. ನಮ್ಮ ಕೆಲಸವನ್ನು ಅವನು ಎಣಿಸಿರಲಿಲ್ಲ. ಗಣಕದಲ್ಲಿ ಕನ್ನಡವನ್ನು ಟೈಪು ಮಾಡುವ ಕ್ರಮವೂ ತಾನಾಗಿ ಬಂದುದಲ್ಲ. ಕೆ. ಪಿ. ರಾವ್ ಅವರು ಕನ್ನಡದ ಅಕ್ಷರವು ರೂಪುಗೊಳ್ಳುವ ತರ್ಕವನ್ನು ಹಿಡಿದು ಕೀಲಿಮಣೆಯ ವಿನ್ಯಾಸವನ್ನು ರಚಿಸಿದರು. ಕರ್ನಾಟಕ ಸರ್ಕಾರವೂ ಆ ವಿನ್ಯಾಸವನ್ನು ಅಂಗೀಕರಿಸಿತು. ಒಬ್ಬರು ಕುಳಿತು ಮಾಡಿದುದರಿಂದ ಅದು ಆಯಿತು.

ಆದುದರಿಂದ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇನೆ. ನಮ್ಮ ಕಾಲೇಜುಗಳಲ್ಲಿ ಈ ಫಲಕದ ಪಾಠವು ‘ಹಲೋ ವರ್ಲ್ಡ್’ ಎಂಬಲ್ಲಿಗೆ ಮುಗಿಯಕೂಡದು. ಮೊದಲನೆಯದಾಗಿ, ಪ್ರತಿಯೊಬ್ಬ ವಿದ್ಯಾರ್ಥಿಯೂ ಒಮ್ಮೆಯಾದರೂ ಲೈಬ್ರರಿಯಿಲ್ಲದೆ, ಡೇಟಾಶೀಟನ್ನು ಮುಂದಿಟ್ಟುಕೊಂಡು, ಆರು ತಂತಿಗಳಿಂದ ಫಲಕವನ್ನು ತಾನೇ ಎಬ್ಬಿಸಬೇಕು. ಎರಡನೆಯದಾಗಿ, ಊರಿನವರು ಬಳಸತಕ್ಕ ಯಾವ ಸಾಧನವನ್ನು ಪ್ರದರ್ಶನಕ್ಕೆ ತಂದರೂ ಅದರ ಸಂದೇಶ ಊರಿನವರ ಭಾಷೆಯಲ್ಲಿರಬೇಕು. ಪರೀಕ್ಷಕರು ಅದಕ್ಕೆ ಅಂಕ ಕೊಡಬೇಕು. ಗಡಿಯ ಹಳ್ಳಿಯಲ್ಲಿ ಅದು ಮರಾಠಿಯಾದರೆ ಮರಾಠಿ, ಉರ್ದುವಾದರೆ ಉರ್ದು. ಮೂರನೆಯದಾಗಿ, ಆಳಂದ, ಅಫಜಲಪುರ, ಜೇವರ್ಗಿಗಳ ಕಾಲೇಜುಗಳು ವರ್ಗಗಳನ್ನು ಹಂಚಿಕೊಂಡು ಐದೆಂಟರ ಮನೆಗೂ ಹದಿನಾರರ ಚೌಕಕ್ಕೂ ಕನ್ನಡದ ರೂಪಗಳನ್ನು ಬರೆದು, ಸಂಖ್ಯೆಗಳನ್ನು ಎಲ್ಲರಿಗೂ ಉಚಿತವಾಗಿ ದೊರೆಯುವಂತೆ ಪ್ರಕಟಿಸಬೇಕು. ಇದಕ್ಕೆ ಬೇಕಾದುದು ಚೌಕುಳಿಯ ಕಾಗದ, ಸೀಸದಕಡ್ಡಿ, ತಾಳ್ಮೆ. 2009ರಲ್ಲಿ ಸ್ಥಾಪಿತವಾದ ಕೇಂದ್ರೀಯ ವಿಶ್ವವಿದ್ಯಾಲಯವು ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿದೆ. ಇಂಥ ಕೆಲಸಕ್ಕೆ ಅದರ ಮಾರ್ಗದರ್ಶನ ದೊರೆತರೆ ಇನ್ನೂ ಲೇಸು. ಕನ್ನಡದಲ್ಲಿ ಈಗ ದೊರೆಯುವ ಅತ್ಯಂತ ಹಳೆಯ ಗ್ರಂಥವಾದ ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ರಚಿತವಾಯಿತು. ಅವನ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ, ಇದೇ ಕಲಬುರಗಿ ಜಿಲ್ಲೆಯಲ್ಲಿದೆ. ಅಕ್ಷರದ ಕೆಲಸ ಈ ನೆಲಕ್ಕೆ ಅಪರಿಚಿತವಲ್ಲ.

ಆ ವೃದ್ಧರ ಪ್ರಶ್ನೆಗೆ ಕೊನೆಗೆ ಏನಾಯಿತೆಂದು ಓದುಗರು ಕೇಳಬಹುದು. ಹುಡುಗನು ಕೆಲವು ದಿನ ಚೌಕುಳಿಯ ಕಾಗದದ ಮೇಲೆ ಬರೆದು ಅಳಿಸಿ, ಮಾತುಗಳನ್ನೇ ಆರಿಸಿಕೊಂಡನು. ಒಣಗಿದ ಮಣ್ಣಿಗೆ ‘ನೀರು ಬೇಕು’. ನೆನೆದ ಮಣ್ಣಿಗೆ ‘ನೀರು ಸಾಕು’. ನಿ, ರು, ಬೆ, ಸಾ, ಕು, ಜೊತೆಗೆ ‘ನೀ’ಗೂ ‘ಬೇ’ಗೂ ಒಂದೇ ದೀರ್ಘದ ಗುರುತು: ಒಟ್ಟು ಆರು ಮೊಳೆಗಳಲ್ಲಿ ಎರಡು ಮಾತುಗಳೂ ಮುಗಿದುವು. ಅಕ್ಷರಗಳು ಸುಂದರವಾಗಿರಲಿಲ್ಲ, ‘ಸಾ’ ಎಂಬುದು ಸ್ವಲ್ಪ ಕುಂಟುತ್ತಿದ್ದಿತು. ಮುಂದಿನ ಸಲ ಅದೇ ಊರಿಗೆ ಹೋದಾಗ ಆ ವೃದ್ಧರು ಕನ್ನಡಕವನ್ನು ಏರಿಸಿಕೊಂಡು ಬಗ್ಗಿ, ಯಾರನ್ನೂ ಕೇಳದೆ, ಅದನ್ನು ಗಟ್ಟಿಯಾಗಿ ಓದಿದರು. ಬಳಿಕ ಹುಡುಗನ ಕಡೆಗೆ ತಿರುಗಿ, ಮಣ್ಣಿನೊಳಗಿನ ಕಡ್ಡಿಯು ತೇವವನ್ನು ಹೇಗೆ ಅಳೆಯುವುದೆಂದು ಕೇಳತೊಡಗಿದರು.

ಎರಡು ಮೊಳೆಗಳು ಇನ್ನೂ ಉಳಿದಿದ್ದುವು.